‘ಅವರು’ ಆಗಲು ಹೊರಟ ಉಸ್ಮಾನ್

ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದ ಉಸ್ಮಾನನಿಗೆ ಸತ್ತವರನ್ನು ಕಂಡರೆ ಹೊಟ್ಟೆಕಿಚ್ಚು. ನಗಬೇಡಿ. ಬದುಕಿರುವವರ ಸಿರಿ ನೋಡಿ ಉರಿದುಕೊಳ್ಳುವವರು ಊರ ತುಂಬ ಇದ್ದಾರೆ, ಇವನದು ಬೇರೆ ಜಾತಿಯ ಉರಿ. ಯಾರದಾದರೂ ಸಂತಾಪ ಸಭೆ ಇದೆ ಎಂದರೆ ಕೈಯ ಮಣ್ಣನ್ನೂ ಸರಿಯಾಗಿ ತೊಳೆಯದೆ ಓಡುತ್ತಿದ್ದ. ಹಿಂದಿನ ಸಾಲಿನಲ್ಲಿ ಕೂತು, ಭಾಷಣದ ಉದ್ದಕ್ಕೂ ಒಂದೇ ಒಂದು ಶಬ್ದಕ್ಕೆ ಕಿವಿ ಕೊಡುತ್ತಿದ್ದ. ಆ ಶಬ್ದ ‘ಅವರು’.

ನಾಟಕದ ಹಾಸ್ಯಗಾರ ನಿತ್ಯಾನಂದ ಬದುಕಿದ್ದಷ್ಟು ದಿನ ಊರಿಗೆಲ್ಲ ‘ಆ ಕುಡುಕ’ನಾಗಿದ್ದ. ಸತ್ತ ವಾರದಲ್ಲೇ ‘ನಿತ್ಯಾನಂದ ಅವರು’ ಆದ. ಪೇಟೆಯ ಬೀದಿ ಬೀದಿ ತಿರುಗಿ ಸುದ್ದಿ ಹೆಕ್ಕುತ್ತಿದ್ದ ಬಡ ವರದಿಗಾರನೊಬ್ಬನನ್ನು ‘ಬಂದ ನೋಡು ಬಾಯಿಬಡುಕ’ ಎಂದು ಎಬ್ಬಿಸಿ ಕಳಿಸುತ್ತಿದ್ದವರೇ, ಅವನ ಫೋಟೋಕ್ಕೆ ಮಾಲೆ ಹಾಕಿ ‘ಅವರ ಲೇಖನಿ, ಅವರ ಧೈರ್ಯ’ ಎಂದು ಕಣ್ಣೊರೆಸಿಕೊಂಡರು. ಉಸ್ಮಾನ್ ಹಿಂದೆ ಕೂತು ನೋಡಿದ. ಸತ್ತರೆ ಎಷ್ಟು ಸುಲಭ ಎಂದುಕೊಂಡ.

ಅವನೂ ಸಾಮಾನ್ಯನಲ್ಲ. ಹರೆಯದಲ್ಲಿ ಮೈದಾನದ ಫುಟ್ಬಾಲಿನಲ್ಲಿ ಗೋಲು ಕಾಯುವ ಗೋಲಿಯಾಗಿ ನಿಂತರೆ ಎದುರಾಳಿಗಳು ದೇವರಿಗೆ ಹರಕೆ ಹೊರುತ್ತಿದ್ದರು. ಬರಿಗಾಲು, ಬರಿಗೈ. ಕೈಯ ಬೆರಳುಗಳು ಮುರಿದು, ತಾವಾಗಿಯೇ ಕೂಡಿ, ಸೊಟ್ಟಗಾಗಿದ್ದವು. ಹೊರಗಿನ ದೊಡ್ಡ ತಂಡವೊಂದರ ಪೆನಾಲ್ಟಿಯನ್ನು ಅವನು ಎದೆಯೊಡ್ಡಿ ತಡೆದ ದಿನ ಇಡೀ ಊರು ಅವನನ್ನು ಹೆಗಲ ಮೇಲೆ ಹೊತ್ತಿತ್ತು. ಹೊತ್ತುಕೊಂಡೇ ಕೂಗಿತ್ತು: ಏ ಉಸ್ಮಾನ್! ಆಮೇಲೆ ಭುಜದ ಮೂಳೆ ಮುರಿದು ಆಟ ನಿಂತಿತು, ‘ಏ ಉಸ್ಮಾನ್’ ನಿಲ್ಲಲಿಲ್ಲ. ಚಹಾದಂಗಡಿಯ ಪೋರನಿಗೂ ಅವನು ‘ಏ ಉಸ್ಮಾನ್’. ನಾನೂ ಅವನು, ಇವನು ಎಂದೇ ಹೇಳುತ್ತಿದ್ದೇನೆ, ನೋಡಿ. ಊರಿನ ಬಾಯಿ, ಎಲ್ಲಿಗೆ ಹೋಗುತ್ತದೆ.

ಇದೆಲ್ಲ ಅವನು ನುಂಗಿಕೊಂಡಿರುತ್ತಿದ್ದನೇನೋ. ಆದರೆ ಐವತ್ತೆಂಟನೇ ಇಸವಿಯಲ್ಲಿ ಮಗಳು ಆರಿಫಾಳಿಗೆ ಬಂದರಿನ ಅಕ್ಕಿ ವ್ಯಾಪಾರಿ ಜಮಾಲುದ್ದೀನ್ ಹಾಜಿಯವರ ಮನೆಯಿಂದ ಸಂಬಂಧ ಬಂತು. ಹುಡುಗನಿಗೆ ಹುಡುಗಿ ಒಪ್ಪಿಗೆ. ಹಾಜಿಯವರದು ಮಾತ್ರ ಒಂದು ತಕರಾರು: ಬಂದರಿನಲ್ಲಿ ಕೂಲಿಯವರೂ ‘ಏ’ ಎಂದು ಕರೆಯುವವನನ್ನು ನಾನು ಬೀಗರೆಂದು ಹೇಗೆ ಕರೆಯಲಿ? ಯೋಚಿಸಿ ಶುಕ್ರವಾರ ಬಂದು ಹೇಳುತ್ತೇನೆ ಎಂದಿದ್ದರು.

ಉಸ್ಮಾನ್ ನೇರ ಪೂವಪ್ಪನ ಬಳಿಗೆ ಹೋದ. ಪೂವಪ್ಪ ಒಂದು ವಾರಪತ್ರಿಕೆಯಲ್ಲಿ ‘ಸ್ಮರಣೆ’ ಎಂಬ ಅಂಕಣ ಬರೆಯುತ್ತಿದ್ದವನು. ಆಟಗಾರ, ನಟ, ಪತ್ರಕರ್ತ, ಯಾರೇ ಸಾಯಲಿ, ಅವನ ಅಂಕಣದಲ್ಲಿ ಬಂದ ಮೇಲೆಯೇ ಪೂರ್ತಿ ಸತ್ತ ಹಾಗೆ. ನಾಲಿಗೆ ಮಾತ್ರ ಕತ್ತರಿ.

“ಪೂವಪ್ಪಣ್ಣ, ನನ್ನ ಬಗ್ಗೆ ಒಮ್ಮೆ ಬರೀರಿ. ‘ಅವರು’ ಅಂತ ಹಾಕಿ. ಶುಕ್ರವಾರದ ಒಳಗೆ,” ಎಂದ ಉಸ್ಮಾನ್.

ಪೂವಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಅದಕ್ಕೆ ನೀನು ಮೊದಲು ಸಾಯಬೇಕಲ್ಲ ಮಾರಾಯ,” ಎಂದ.

ಉಸ್ಮಾನ್ ನಗಲಿಲ್ಲ. ಸೊಟ್ಟ ಬೆರಳುಗಳ ಎರಡೂ ಕೈ ಜೋಡಿಸಿ ಮಗಳ ವಿಷಯ ಹೇಳಿದ. ಪೂವಪ್ಪನಿಗೆ ಎಂತ ತೋಚಿತೋ, ಆ ವಾರ ಬೇರೆ ಯಾರೂ ಸತ್ತಿರಲಿಲ್ಲವೋ, ಆಗಲಿ ಎಂದ. ಬರೆದದ್ದೂ ಚೆನ್ನಾಗಿಯೇ ಬರೆದ: ‘ಉಸ್ಮಾನ್ ಅವರು ನಮ್ಮೂರಿನ ಗೋಡೆಯಾಗಿದ್ದರು. ಅವರಂಥ ಗೋಲಿ ಇನ್ನು ಹುಟ್ಟಲಾರ.’ ಸತ್ತರು ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹಂಚು ಹೊರುವ ಬ್ಯಾರಿಗೆ ಪತ್ರಿಕೆಯಲ್ಲಿ ‘ಅವರು’ ಎಂದಿದ್ದಾರೆ, ಅದೂ ‘ಸ್ಮರಣೆ’ಯಲ್ಲಿ. ಓದಿದವರಿಗೆ ಇನ್ನೆಂತ ಬೇಕು?

ಶುಕ್ರವಾರ ಹಾಜಿಯವರು ಅಂಗಡಿಯಲ್ಲೇ ಪತ್ರಿಕೆ ಓದಿದರು. ಸಂಬಂಧ ಮಾತಾಡಲು ಹೊರಟವರು ಮುಖ ಗಂಭೀರ ಮಾಡಿಕೊಂಡು, ನಾಲ್ಕು ಜನರನ್ನು ಕೂಡಿಸಿಕೊಂಡು, ಸಾವಿನ ಮನೆಗೆ ಹೊರಟರು. ಉಸ್ಮಾನನ ಹೆಂಡತಿ ಅಲೀಮಮ್ಮ ಬೀಗರಿಗೆಂದು ಅಕ್ಕಿರೊಟ್ಟಿ, ಅವರ ಪತ್ತಿರಿ, ತಟ್ಟುತ್ತಿದ್ದಳು. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದವನು. ಬಂದವರು ಜಗಲಿಯಲ್ಲಿ ನಿಂತು ತಗ್ಗಿದ ದನಿಯಲ್ಲಿ ದುವಾ ಶುರುಮಾಡಿದ್ದೇ, ಕಾರ್ಖಾನೆಯಲ್ಲಿ ಏನೋ ಆಗಿಹೋಯಿತೆಂದು ಅವಳು ಹೊಸ್ತಿಲ ಮೇಲೆ ಬಿದ್ದಳು. ಹಣೆ ಒಡೆದು ರಕ್ತ ಬಂತು. ಆರಿಫಾ ಉಮ್ಮನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಳುತ್ತ ಕೂತಳು.

ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಉಸ್ಮಾನ್ ಬೇಗನೆ ಮನೆಗೆ ಬಂದ. ತಾನೇ ಎಲ್ಲರಿಗೂ ಓದಿಸಬೇಕೆಂಬ ಆಸೆ. ಅಂಗಳದ ಬೇಲಿಯ ಹತ್ತಿರ ಅವನ ಕಿವಿಗೆ ಹಾಜಿಯವರ ಮಾತು ಬಿತ್ತು.

“ಉಸ್ಮಾನ್ ಅವರು ದೊಡ್ಡ ಮನುಷ್ಯರಾಗಿದ್ದರು. ಅವರ ಮಗಳು ನಮ್ಮ ಮನೆಗೆ ಬರುವುದು ನಮ್ಮ ಪುಣ್ಯ.”

ಉಸ್ಮಾನ್ ಅಲ್ಲೇ ನಿಂತ. ಒಳಗಿನ ಅಳು ಅವನಿಗೆ ಕೇಳಿಸಲೇ ಇಲ್ಲ ಎಂದರೆ ನಂಬುತ್ತೀರಾ? ಕೇಳಿಸಿದ್ದು ‘ಅವರು’ ಮಾತ್ರ. ಎದೆ ತುಂಬಿ ಬಂತು. ಕೆಲಸವಾಯಿತು, ಮಗಳು ಗೆದ್ದಳು ಎಂದು ಹಲ್ಲು ಕಿಸಿಯುತ್ತ, ಸಲಾಂ ಹೇಳುತ್ತ ಜಗಲಿ ಹತ್ತಿದ.

ಹಾಜಿಯವರ ಮುಖ ಕಪ್ಪಿಟ್ಟಿತು. “ಎಂತದಿದು? ನೀನು ಸಾಯಲಿಲ್ಲವಾ?” ಎಂದರು.

ಜೊತೆಗೆ ಬಂದವರಲ್ಲಿ ಒಬ್ಬ ಮೊದಲು ನಕ್ಕ. ಆಮೇಲೆ ಬೇಲಿಯಾಚೆ ಸೇರಿದ್ದವರೆಲ್ಲ ನಕ್ಕರು. ಉಸ್ಮಾನ್ ಪತ್ರಿಕೆ ಬಿಡಿಸಿ, ಇಲ್ಲಿ ನೋಡಿ, ಎಲ್ಲಿಯೂ ಸತ್ತೆ ಎಂದಿಲ್ಲ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಯಾರೂ ಬಗ್ಗಿ ನೋಡಲಿಲ್ಲ. ಹಾಜಿಯವರು ಚಪ್ಪಲಿ ಮೆಟ್ಟಿಕೊಂಡರು.

“ಸತ್ತವನ ಮನೆಯಿಂದ ಹೆಣ್ಣು ತರಬಹುದು. ಊರೆಲ್ಲ ನಗುವವನ ಮನೆಯಿಂದ ಬೇಡ,” ಎಂದು ಹೇಳಿ ನಡೆದರು. ಪತ್ತಿರಿ ಒಲೆಯ ಮೇಲೆಯೇ ಕರಿಯಾಯಿತು.

ಮುಂದಿನ ವಾರ ಪತ್ರಿಕೆ ತಿದ್ದುಪಡಿ ಹಾಕಿತು. ‘ಬೋಳಾರದ ಉಸ್ಮಾನ್ ಸತ್ತಿಲ್ಲ. ಬದುಕಿದ್ದಾನೆ. ಓದುಗರು ದಯವಿಟ್ಟು ಗಮನಿಸಬೇಕಾಗಿ ವಿನಂತಿ.’ ಓದುಗರಿಗೆ ದಯವಿಟ್ಟು, ವಿನಂತಿ ಎಲ್ಲ ಉಂಟು. ಇವನಿಗೆ ‘ದ್ದಾನೆ’.

ಅಲ್ಲಿಂದ ಅವನು ‘ಮಯ್ಯತ್ ಉಸ್ಮಾನ್’ ಆದ. ಮಯ್ಯತ್ ಎಂದರೆ ಹೆಣ. ಹಂಚಿನ ಸಾಲಿನಲ್ಲಿ ಅವನು ನಡೆದು ಬಂದರೆ, ದಾರಿ ಬಿಡಿ, ಹೆಣ ಬರ್ತಾ ಉಂಟು ಎನ್ನುತ್ತಿದ್ದರು. ಆರಿಫಾಳಿಗೆ ಬಂದ ಸಂಬಂಧಗಳೆಲ್ಲ ಆ ಹೆಸರು ಕೇಳಿ ನಗುತ್ತ ಹಿಂದೆ ಹೋದವು. ಅವಳು ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತಳು, ಕೂತೇ ಇದ್ದಳು. ಉಸ್ಮಾನ್ ಮತ್ತೆ ಯಾವ ಸಂತಾಪ ಸಭೆಗೂ ಹೋಗಲಿಲ್ಲ. ಮಗಳ ಮುಖ ನೋಡಿ ಮಾತಾಡುವುದನ್ನೂ ಬಿಟ್ಟ.

ಅರವತ್ತಾರನೇ ಇಸವಿಯಲ್ಲಿ, ಹಂಚು ಸುಡುವ ಆವಿಗೆಯ ಎದುರು ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಸುದ್ದಿ ಪೇಟೆಗೆ ಹೋಯಿತು. ಚಹಾದಂಗಡಿಯವನು, ಪುನಃ ಸತ್ತನಾ ಎಂದು ಕೇಳಿದ. ಕೂತವರು ನಕ್ಕು ಇನ್ನೊಂದು ಚಹಾ ಹೇಳಿದರು. ಒಂದು ಕಾಲದಲ್ಲಿ ಅವನನ್ನು ಹೆಗಲ ಮೇಲೆ ಹೊತ್ತ ಊರಿನಿಂದ, ಈಗ ಹೊರಲು ಕಾರ್ಖಾನೆಯ ಕೆಲವರು ಬಿಟ್ಟರೆ ಯಾರೂ ಬರಲಿಲ್ಲ.

ಆರಿಫಾ ಪೂವಪ್ಪನ ಬಳಿಗೆ ಹೋಗಿ ಕೇಳಿದಳು. ಈ ಸಲವೂ ‘ಅವರು’ ಎಂದೇ ಬರೆಯಿರಿ.

“ಹಾಗೆ ಬರೆದರೆ ಜನ ನಗ್ತಾರೆ ಮಾರಾಯ್ತಿ,” ಎಂದ ಪೂವಪ್ಪ. “ನಂಬಬೇಕಾದರೆ ‘ಅವನು’ ಅಂತಲೇ ಬರೀಬೇಕು.”

ಪತ್ರಿಕೆ ಬಂತು. ಮೂಲೆಯಲ್ಲಿ ಒಂದೇ ಸಾಲು: ‘ಬೋಳಾರದ ಉಸ್ಮಾನ್ ಸತ್ತ. ಈ ಸಲ ನಿಜ.’

ಅಲೀಮಮ್ಮನಿಗೆ ಕನ್ನಡ ಓದಲು ಬಾರದು. ಹಣೆಯ ಹಳೆಯ ಗಾಯದ ಮೇಲೆ ಬಿಳಿ ಸೆರಗು ಎಳೆದುಕೊಂಡು ಕೇಳಿದಳು. “ಅವರು ಅಂತ ಉಂಟಾ?”

ಆರಿಫಾ ಪತ್ರಿಕೆಯನ್ನು ಮಡಚಿ ಬೀಡಿಯ ಮೊರದ ಅಡಿಗೆ ಹಾಕಿದಳು.

“ಉಂಟು ಉಮ್ಮ. ಎಲ್ಲ ಕಡೆ ಉಂಟು.”