ನನ್ನ ಜಡೆಯೊಳಗಿನ ಚೇಚಿ

ಮೊನ್ನೆ ಸೊಸೆ ಪುತ್ತೂರು ಪೇಟೆಯಿಂದ ಬರುವಾಗ ಒಂದು ಎಣ್ಣೆಯ ಬಾಟಲಿ ತಂದಳು. ಈರುಳ್ಳಿ ಹಾಕಿ ಮಾಡಿದ ತಲೆಎಣ್ಣೆಯಂತೆ. "ಅತ್ತೆ, ಇದು ಹಾಕಿದ್ರೆ ಚಪ್ಪಟೆ ಕೂದಲು ಸಹ ತುಂಬಿದ ಹಾಗೆ ಕಾಣ್ತದಂತೆ" ಎಂದು ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದ ಸಣ್ಣ ಈರುಳ್ಳಿ, ಅದರ ಹಿಂದೆ ಕಾಳುಮೆಣಸಿನ ಘಾಟು... ಎಪ್ಪತ್ತು ದಾಟಿದ ನನ್ನ ಹೊಟ್ಟೆಯಲ್ಲಿ ಹನ್ನೊಂದು ವರ್ಷದ ಹುಡುಗಿಯ ಕಿಚ್ಚು ಹತ್ತಿಕೊಂಡಿತು. ಅದು ಚೇಚಿಯ ತಲೆಯ ವಾಸನೆ.

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ನಾನು ಅವಳನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಕಡಬದಲ್ಲಿ ಮಾಸ್ತರರಾಗಿದ್ದರು, ನಾವು ಕೋಡಿಂಬಾಳದ ಕಡೆಗೆ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಹಿಂದಿನ ಗುಡ್ಡವನ್ನು ಕೊಂಡು, ಕಾಡು ಕಡಿದು ರಬ್ಬರ್ ಹಾಕಲು ಕೇರಳದಿಂದ ಬಂದ ಕ್ರಿಶ್ಚಿಯನ್ ಸಂಸಾರ ಅವಳದ್ದು. ಬಂದ ವರ್ಷವೇ ಅವಳ ತಾಯಿ ಚಳಿಜ್ವರದಲ್ಲಿ ತೀರಿಕೊಂಡರು. ಮನೆಯಲ್ಲಿ ಉಳಿದವರು ತಂದೆ, ಒಬ್ಬ ತಮ್ಮ ಮತ್ತು ಹದಿನಾರರ ಚೇಚಿ. ಅವಳ ತಲೆಯಲ್ಲಿ ಮಾತ್ರ ಮೂರು ಜನರಿಗೆ ಸಾಕಾಗುವಷ್ಟು ಗುಂಗುರು ಕೂದಲು.

ಆ ಕೂದಲಿನ ಜವಾಬ್ದಾರಿಯನ್ನು ನಮ್ಮ ಅಮ್ಮ ವಹಿಸಿಕೊಂಡಳು. ಪ್ರತಿ ಶನಿವಾರ ಚೇಚಿ ತಾನೇ ಕಾಯಿಸಿದ ಎಣ್ಣೆಯ ಕುಪ್ಪಿ ಹಿಡಿದುಕೊಂಡು ಹಿಂಬಾಗಿಲಿಗೆ ಬರುತ್ತಿದ್ದಳು. ಅಮ್ಮ ಮೇಲಿನ ಮೆಟ್ಟಿಲಲ್ಲಿ, ಅವಳು ಕೆಳಗಿನದರಲ್ಲಿ. ಎಣ್ಣೆ ತಿಕ್ಕುವುದು, ಸಿಕ್ಕು ಬಿಡಿಸುವುದು, ಹೇನು ನೋಡುವುದು, ಆಮೇಲೆ ಜಡೆ. ನಡುವೆ ಇಬ್ಬರದೂ ಅರ್ಧ ತುಳು, ಅರ್ಧ ಮಲಯಾಳದ ಮಾತು, ನಗು. ಒಲೆಯ ಮೇಲೆ ಅನ್ನ ಸೀದರೂ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಅವಳು ನಮ್ಮ ಅಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಎದ್ದ ಮೇಲೆ ನನ್ನ ಸರದಿ. ನನ್ನದು ನೆಟ್ಟಗಿನ, ತಲೆಗೆ ಅಂಟಿಕೊಂಡ ಕೂದಲು. ಶಾಲೆಯಲ್ಲಿ ನನ್ನ ಜಡೆಗೆ ಇಲಿಬಾಲ ಎಂದೇ ಹೆಸರು. ಅಮ್ಮ ಮೇಲಿಂದ ಕೆಳಗೆ ಎರಡು ಸಲ ಬಾಚಣಿಗೆ ಎಳೆದಳೆಂದರೆ ಮುಗಿಯಿತು. "ನಿಂದು ಎಂತ ಉಂಟು ಬಾಚ್ಲಿಕ್ಕೆ? ಆಯ್ತು, ಏಳು."

ಆಯ್ತು, ಏಳು. ಇಷ್ಟೇ ನನ್ನ ಪಾಲಿನ ಅಮ್ಮ.

ಒಮ್ಮೆ ಕೇಳಿಯೇ ಬಿಟ್ಟೆ, ಅವಳಿಗೆ ಅಷ್ಟು ಹೊತ್ತು ಯಾಕೆ ಎಂದು. "ಪಾಪ, ಅವಳಿಗೆ ತಾಯಿ ಇಲ್ಲ ಅಲ್ವಾ" ಎಂದಳು ಅಮ್ಮ. ನನಗೆ ತಾಯಿ ಇದ್ದಳು, ಅದೇ ನನ್ನ ಕಷ್ಟವಾಗಿತ್ತು. ಚಂದ ಕಾಣಬೇಕೆಂಬ ಆಸೆ ಆಗ ನನಗೆ ಇರಲಿಲ್ಲ. ಅಮ್ಮನ ಕೈ ನನ್ನ ತಲೆಯ ಮೇಲೆ ಇನ್ನಷ್ಟು ಹೊತ್ತು ಇರಬೇಕು, ಅದಕ್ಕೆ ಕೂದಲು ದಪ್ಪವಾಗಬೇಕು. ಲೆಕ್ಕಾಚಾರ ನನಗೆ ಅಷ್ಟು ಸರಳವಾಗಿ ಕಂಡಿತ್ತು.

ದಾಸವಾಳದ ಎಲೆ ಕಿವುಚಿ, ಅದರ ಲೋಳೆ ಗೊಂಪು ಹಚ್ಚಿದೆ. ಕೂದಲು ನುಣುಪಾಗಿ ಇನ್ನಷ್ಟು ಅಂಟಿಕೊಂಡಿತು. ಗಂಜಿ ಹಾಕಿದ ಅಪ್ಪನ ಅಂಗಿ ನೆಟ್ಟಗೆ ನಿಲ್ಲುವುದನ್ನು ನೋಡಿ ತಲೆಗೂ ಗಂಜಿತಿಳಿ ಹೊಯ್ದುಕೊಂಡೆ. ಒಣಗಿದ ಮೇಲೆ ಕೂದಲು ಹಪ್ಪಳದಂತಾಯಿತು, ಶಾಲೆಯಲ್ಲಿ ನೊಣಗಳು ನನ್ನನ್ನು ಬಿಟ್ಟು ಕದಲಲಿಲ್ಲ. ಒದ್ದೆ ಕೂದಲನ್ನು ಸಣ್ಣ ಸಣ್ಣ ಜಡೆ ಮಾಡಿ ಒಣಗಿಸಿದರೆ ಗುಂಗುರಾಗುತ್ತದೆ ಎಂದು ಯಾರೋ ಹೇಳಿದರು. ಗುಂಗುರಾಯಿತು, ಮೊದಲ ಪಾಠ ಮುಗಿಯುವಷ್ಟರಲ್ಲಿ ಪುನಃ ಮಲಗಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಗೋಡೆ. ಬಾಚುವಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ತೂ ತೂ ಎಂದು ಉಗಿದು, ಹಿಂದಿನ ಕೆಂಪುಕಲ್ಲಿನ ಗೋಡೆಯ ಬಿರುಕಿಗೆ ತುರುಕುವುದು ಅಮ್ಮನ ಕ್ರಮ. ನನ್ನ ಕೂದಲು ಉದುರಿದರೂ ಒಂದು ಎಳೆ. ಚೇಚಿಯದ್ದು ಬಿರುಕು ತುಂಬ. ಅದನ್ನೆಲ್ಲ ಎಳೆದು ತೆಗೆದು ತಲೆದಿಂಬಿನ ಕೆಳಗಿಟ್ಟುಕೊಂಡೆ. ಶಾಲೆಗೆ ಹೋಗುವ ದಾರಿಯಲ್ಲಿ ಜಡೆ ಬಿಚ್ಚಿ, ಒಳಗೆ ಆ ಉಂಡೆ ಸೇರಿಸಿ ಹೆಣೆದುಕೊಳ್ಳುತ್ತಿದ್ದೆ. ಮನೆಗೆ ಬರುವಾಗ ಪುನಃ ಇಲಿಬಾಲ.

ಒಂದು ಶನಿವಾರ ಅಮ್ಮ ಬಿರುಕಿಗೆ ಬೆರಳು ಹಾಕಿದವಳು ಬೆಚ್ಚಿಬಿದ್ದಳು. ಬಿರುಕು ಖಾಲಿ. ತಾಯಿಯಿಲ್ಲದ ಹುಡುಗಿಯ ಕೂದಲನ್ನು ಯಾರೋ ಮಾಟ ಮಾಡಿಸಲು ಒಯ್ದಿದ್ದಾರೆ ಎಂದೇ ಅವಳ ತೀರ್ಮಾನ. "ಇನ್ನು ನೀನು ದಿನಾ ಇಲ್ಲಿಯೇ ಬಾ. ನಾನೇ ಬಾಚಿ, ಉದುರಿದ್ದನ್ನು ಒಲೆಗೆ ಹಾಕುದು" ಎಂದು ಚೇಚಿಗೆ ಆಜ್ಞೆ ಮಾಡಿದಳು. ವಾರಕ್ಕೊಮ್ಮೆ ಇದ್ದದ್ದು ದಿನಾ ಆಯಿತು. ನನ್ನ ಕೈಯಾರೆ ಮಾಡಿಕೊಂಡದ್ದು. ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ.

ಚೇಚಿ ನನ್ನನ್ನು ಹಿಡಿದದ್ದು ಶಾಲೆಯ ದಾರಿಯಲ್ಲಿ. ನೆಟ್ಟಗಿನ ಜಡೆಯಿಂದ ಗುಂಗುರು ಎಳೆಗಳು ಹೊರಗೆ ಇಣುಕುತ್ತಿದ್ದವು. ಅವಳು ಒಂದನ್ನು ಬೆರಳಿನಲ್ಲಿ ಎಳೆದು ನೋಡಿ, ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಅವಳನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು. "ಹೀಗೆ ಅಲ್ಲ ಮೋಳೇ" ಎಂದಳು, ಅಷ್ಟೇ. ಮೋಳೇ ಎಂದರೆ ಮಗಳೇ.

ನಾನು ಕೂಡಿಟ್ಟದ್ದನ್ನೆಲ್ಲ ಕೇಳಿ ಪಡೆದು, ಸೀಗೆಯಲ್ಲಿ ತೊಳೆದು, ಎಳೆ ಎಳೆ ಬಿಡಿಸಿ, ಬುಡಕ್ಕೆ ಕಪ್ಪು ನೂಲು ಸುತ್ತಿ ಒಂದು ಚೌರಿ ಮಾಡಿಕೊಟ್ಟಳು. ಅದನ್ನು ಜಡೆಗೆ ಸೇರಿಸುವ ಬಗೆಯನ್ನೂ ತೋರಿಸಿದಳು. "ನಿಂದು ಹೊರಗೆ ಬರ್ಬೇಕು, ನಂದು ಒಳಗೆ. ಆಗ ಯಾರಿಗೂ ಗೊತ್ತಾಗುದಿಲ್ಲ."

ಚೌರಿಯನ್ನು ಅಮ್ಮನ ಮುಂದೆ ಹಿಡಿದಾಗ ಅವಳು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಕೂರಿಸಿಕೊಂಡು ಬಾಚತೊಡಗಿದಳು. ಅಂದು ನಾನು ಬಯಸಿದ್ದು ಸಿಕ್ಕಿತು. ಚೌರಿ ಬಾಚಬೇಕು, ಕಟ್ಟಬೇಕು, ಮೂರು ಪಾಲು ಮಾಡಿ ಸೇರಿಸಬೇಕು. ಕಣ್ಣು ಮುಚ್ಚಿ ಕುಳಿತೆ... ಆದರೆ ನನ್ನ ಕೂದಲ ಮೇಲೆ ಅಮ್ಮನ ಬೆರಳು ಸರಸರ ಓಡುತ್ತಿತ್ತು. ಚೌರಿಯ ಹತ್ತಿರ ಬಂದಾಗ ನಿಧಾನವಾಗುತ್ತಿತ್ತು. ಒಮ್ಮೆ ಅದನ್ನು ಮೂಸಿಯೂ ನೋಡಿದಳು. ನನ್ನ ತಲೆಯಲ್ಲೇ ಕುಳಿತು ಚೇಚಿ ಅಮ್ಮನ ಕೈಯನ್ನು ಕಸಿದುಕೊಂಡಿದ್ದಳು.

ಎರಡು ವರ್ಷದ ನಂತರ ಚೇಚಿ ಕನ್ಯಾಸ್ತ್ರೀಯಾಗಲು ಹೋದಳು. ದೂರದ ಯಾವುದೋ ಊರಿನ ಮಠ. ಶನಿವಾರಗಳೂ ಉಳಿದ ದಿನಗಳೂ ನನ್ನವಾದವು, ಆದರೆ ಅಮ್ಮ ಮಾತಿಲ್ಲದೆ ಬಾಚುತ್ತಿದ್ದಳು. ಇಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಇನ್ನೂ ಕಷ್ಟ.

ಅವಳು ಒಮ್ಮೆ ಬಂದಳು, ತಂದೆಗೆ ಸೌಖ್ಯವಿಲ್ಲ ಎಂದು ನೋಡಲು. ಬಿಳಿ ಬಟ್ಟೆ, ತಲೆಯ ಮೇಲೆ ಮುಸುಕು. ಸೀದಾ ನಮ್ಮ ಹಿಂಬಾಗಿಲಿಗೆ ಬಂದು ಕೆಳಗಿನ ಮೆಟ್ಟಿಲಲ್ಲಿ ಕುಳಿತು, ಮುಸುಕು ತೆಗೆದಳು. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ಅಮ್ಮ ಒಳಗೆ ಹೋಗಿ ಎಣ್ಣೆ, ಬಾಚಣಿಗೆ ತಂದು ಮೇಲಿನ ಮೆಟ್ಟಿಲಲ್ಲಿ ಕುಳಿತಳು. ಎರಡು ಸಲ ಬಾಚಿದಳು. ಬಾಚಲು ಇನ್ನೇನೂ ಇರಲಿಲ್ಲ.

"ಆಯ್ತು, ಏಳು" ಎಂದಳು ಅಮ್ಮ. ಆ ಮಾತು ಚೇಚಿಗೆ ಬಿದ್ದದ್ದು ಅದೇ ಮೊದಲು. ನಾನು ಗೆದ್ದೆ ಅನ್ನಿಸಬೇಕಿತ್ತು. ಆದರೆ ಚೇಚಿ ಏಳಲಿಲ್ಲ, ಅಮ್ಮನೂ ಕೈ ತೆಗೆಯಲಿಲ್ಲ. ಆ ಮೋಟು ಕೂದಲಿನ ಮೇಲೆ ಕೈಯಿಟ್ಟುಕೊಂಡು ಅಮ್ಮ ಅತ್ತಳು. ಏಳದೆ ಕೂತರೆ ಸಾಕಿತ್ತು ಎಂದು ಅಷ್ಟು ವರ್ಷ ನನಗೆ ಯಾಕೆ ಹೊಳೆಯಲಿಲ್ಲವೋ...

ಅಮ್ಮ ಹೋಗಿ ಬಹಳ ಕಾಲವಾಯಿತು. ಚೇಚಿ ತೀರಿಕೊಂಡ ಸುದ್ದಿಯನ್ನು ಕಳೆದ ಮಳೆಗಾಲದಲ್ಲಿ ಅವಳ ತಮ್ಮ ಬಂದು ಹೇಳಿದ. ನಾನು ಅತ್ತುಬಿಟ್ಟೆ. ಅವಳು ನನಗೂ ಅಕ್ಕನೇ ಆಗಿದ್ದಳು, ಅಂಥವಳು ಮತ್ತೆ ಸಿಗಲಿಲ್ಲ. ಆದರೆ ಅಳುವಿನ ಮಧ್ಯೆಯೇ ಇನ್ನೊಂದು ಯೋಚನೆ ಬಂತು: ಈಗ ಅಲ್ಲಿ ಇಬ್ಬರೂ ಇದ್ದಾರೆ, ಅವಳಿಗೆ ಕೂದಲೂ ಮೊದಲಿನ ಹಾಗೆ ಬಂದಿರುತ್ತದೆ, ಅಮ್ಮನಿಗೆ ಸೀಯುವ ಅನ್ನದ ಚಿಂತೆಯೂ ಇಲ್ಲ.

ಸೊಸೆ ಹೊಸ ಎಣ್ಣೆಯನ್ನು ನನ್ನ ನಾಲ್ಕು ಎಳೆಗೆ ಹಚ್ಚಿದಳು. ಎರಡು ಸಲ ಬಾಚಣಿಗೆ ಎಳೆದು, "ಆಯ್ತು ಅತ್ತೆ, ಏಳಿ" ಎಂದಳು.

ನಾನು ಏಳಲಿಲ್ಲ.