ಪ್ರಸ್ಥಾನಕ್ಕೆ ಇಟ್ಟ ಹೊಲಿಗೆ ಯಂತ್ರ

ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡು ಎರಡು ತುಂಡಾಗಿ ಗುಡಿಯ ಮುಂದೆ ಬಿದ್ದಿತ್ತು. ನಾನು ಓಡಿಹೋಗಿ ತುಂಡುಗಳನ್ನು ಜೋಡಿಸಿ ನೋಡಿದೆ.

ಎಪ್ಪತ್ತರ ದಶಕದ ಕೊನೆ. ಯಜಮಾನರಿಗೆ ಪಾವಗಡದಿಂದ ಮಧುಗಿರಿಗೆ ವರ್ಗವಾಗಿತ್ತು. ನಾನು ಹೊಲಿಯುವ ರವಿಕೆಗಳಿಂದಲೇ ಮಕ್ಕಳ ಹಾಲು, ಬಟ್ಟೆ ನಡೆಯುತ್ತಿತ್ತು. ಅದಕ್ಕೇ ಅವರು ಲಾರಿ ಆಫೀಸಿನಲ್ಲಿ ಸಾಮಾನಿಗೆಲ್ಲ ವಿಮೆ ಮಾಡಿಸಿದ್ದರು. ಏನು ಮುರಿದರೂ ಕಟ್ಟಿಕೊಡುತ್ತಾರೆಂದು ನಾನು ನಿಶ್ಚಿಂತೆಯಾಗಿದ್ದೆ.

ಹೊರಡುವುದು ಮಂಗಳವಾರ ಬಿತ್ತು. ಅತ್ತೆ ಒಪ್ಪಲಿಲ್ಲ. ಸೋಮವಾರವೇ ಪ್ರಸ್ಥಾನ ಇಡಬೇಕು ಎಂದರು. ಒಳ್ಳೆಯ ಗಳಿಗೆಯಲ್ಲಿ ಒಂದು ಸಾಮಾನನ್ನು ಹೊಸ್ತಿಲಾಚೆ ಇಟ್ಟರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ; ಅದನ್ನು ಮತ್ತೆ ಒಳಗೆ ತರುವಂತಿಲ್ಲ.

"ಅಕ್ಕಿ ಗಂಟು ಇಟ್ರೆ ಸಾಲ್ದಾ ಅತ್ತೆ?"

"ದೇವ್ರಿಗೇ ಮೋಸ ಮಾಡ್ತೀಯೇನೇ? ಯಾವ್ದು ಇಲ್ದಿದ್ರೆ ಬದುಕು ನಡೆಯಾಕಿಲ್ವೋ ಅದುನ್ನ ಇಡು."

ಯಂತ್ರವನ್ನೇ ಹೊತ್ತು ಎದುರಿನ ಆಂಜನೇಯನ ಗುಡಿ ಜಗಲಿಯ ಮೇಲಿಟ್ಟೆವು. ಪೂಜಾರಿ ಅಲ್ಲೇ ಮಲಗುತ್ತಿದ್ದುದರಿಂದ ಕಳ್ಳರ ಭಯವಿರಲಿಲ್ಲ.

ಬೆಳಿಗ್ಗೆ, ಲಾರಿಗೆ ಸಾಮಾನು ಏರಿಸುತ್ತಿದ್ದಾಗ, ಬೀದಿಯಲ್ಲಿ ಬಂದ ಕುರಿಮಂದೆ ನಾಯಿಗೆ ಬೆದರಿ ಜಗಲಿ ಹತ್ತಿತು. ಟಗರು ಗುದ್ದಿದ್ದೇ ಯಂತ್ರ ಕೆಳಗಿನ ಚಪ್ಪಡಿಗೆ ಬಿತ್ತು. ಕುರಿ ಕಾಯುವ ಅಜ್ಜಿ ನನ್ನನ್ನೇ ಗದರಿದಳು.

"ಅಯ್ಯೋ ದೇವುಡಾ! ಗುಡಿ ಜಗ್ಲಿ ಮ್ಯಾಲೆ ಮಿಷನ್ನು ಯಾರಿಕ್ತಾರೆ ಕಣಮ್ಮ? ಹನುಮಪ್ಪ ಏನ್ ಚಡ್ಡಿ ಹೊಲ್ಕಂತಾನಾ?"

ದಾರಿಯಲ್ಲಿ ಡ್ರೈವರ್ ಹೇಳಿದ: "ಲಾರಿಗೆ ಏರ್ಸಿದ್ಮೇಲೆ ಬಿತ್ತು ಅಂತ ವಿಮೆಯವ್ರಿಗೆ ಅಂದ್ಬುಡ್ರಮ್ಮ. ನಾನೂ ಅಂಗೇ ಅಂತೀನಿ."

"ಆಂಜನೇಯನ ಕಣ್ಮುಂದೆ ಬಿದ್ದಿದ್ದು ಕಣಪ್ಪ, ಹೆಂಗೆ ಅನ್ಲಿ?" ಎಂದೆ. ಸುಳ್ಳು ಹೇಳುವ ಅಗತ್ಯವಾದರೂ ಏನು? ನಮ್ಮ ಪ್ರಯಾಣ ಸೋಮವಾರವೇ ಶುರುವಾಗಿತ್ತಲ್ಲ!

ಮಧುಗಿರಿಯಲ್ಲಿ ವಿಮೆಯವರಿಗೆ ಪ್ರಸ್ಥಾನದ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರು.

"ಅದು ದೇವರ ಲೆಕ್ಕಾಚಾರ ಕಣಮ್ಮ. ನಮ್ಮಲ್ಲಿ ಲಾರಿ ಏರಿದ ಮೇಲೇ ಪ್ರಯಾಣ. ಕೊಡೋಕ್ಕಾಗಲ್ಲ."

ಪಕ್ಕದಲ್ಲಿದ್ದ ಯಜಮಾನರ ಮುಖ ನೋಡಲು ಧೈರ್ಯವಾಗಲಿಲ್ಲ. ಅವರು, "ಬಾ, ಮನೆಗೆ ಹೋಗೋಣ," ಎಂದರು, ಅಷ್ಟೇ.

ಪುಣ್ಯಕ್ಕೆ, ಗುಡಿ ಜಗಲಿಯಲ್ಲಿ ಆಡುತ್ತಿದ್ದ ನನ್ನ ಕೂಸು ಯಂತ್ರ ಬಿದ್ದ ಹೊತ್ತಿಗೆ ಮನೆಯೊಳಗೆ ಬಂದಿತ್ತು. ಯಂತ್ರದ ಮೇಲ್ಭಾಗಕ್ಕೆ ಪೆಟ್ಟಾಗಿರಲಿಲ್ಲ. ಅದೂ ಆಂಜನೇಯನ ದಯೆ. ಅದನ್ನು ಹಲಗೆಯ ಮೇಲೆ ಕೂರಿಸಿದೆವು. ತುಳಿಯಲು ಸ್ಟ್ಯಾಂಡಿಲ್ಲ. ಸಂಜೆ ಯಜಮಾನರು ಕೆಲಸದಿಂದ ಬಂದು ಚಕ್ರ ತಿರುಗಿಸುತ್ತಿದ್ದರು, ನಾನು ಬಟ್ಟೆ ಹಿಡಿಯುತ್ತಿದ್ದೆ.

"ಮೆಲ್ಲಗೆ ರೀ, ದಾರ ಕಿತ್ತೋಗುತ್ತೆ," ಎಂದರೆ, "ಮಾತಾಡ್ಬೇಡ, ನೆಟ್ಟಗೆ ಹಿಡ್ಕೋ," ಎನ್ನುತ್ತಿದ್ದರು.