ಚಾಕು ತರಬಾರದ ಕೋಣೆ

ತಿಪಟೂರಿನಲ್ಲಿ ನಾನು ನಡೆಸುವ ಆಪ್ತಸಮಾಲೋಚನೆ ಗುಂಪಿಗೆ ಬರುವವರೆಲ್ಲ ಎಚ್‌ಐವಿ ಇರುವ, ಏಟು ತಿಂದು ತಿಂದು ಕುಡಿತಕ್ಕೆ ಬಿದ್ದ ಹೆಂಗಸರು. ಮೂರು ವಾರ ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ಶೆಟ್ಟಿಕೆರೆಯ ಗೌರಮ್ಮ ತೆಂಗಿನ ಗರಿಯ ಕಟ್ಟು, ಜೊತೆಗೊಂದು ಚಾಕು ಹಿಡಿದು ಬಂದರು.

“ಚಾಕು ತರೋ ಹಾಗಿಲ್ಲಮ್ಮ,” ಅಂದೆ.

“ಕೈ ಸುಮ್ನಿದ್ರೆ ನಂಗೆ ಮಾತು ಬರಾಕಿಲ್ಲ ಕಣವ್ವ.”

ಕುಯ್ದುಕೊಂಡು ರಕ್ತ ಬಂದರೇನು ಗತಿ ಅನ್ನೋ ಭಯ ನನ್ನ ಮುಖದಲ್ಲೇ ಕಂಡಿತೇನೋ, “ಮೂವತ್ತು ವರ್ಷದಿಂದ ಪೊರಕೆ ಕಟ್ತಿದೀನಿ, ಬುಡು,” ಅಂದರು.

ಬಿಟ್ಟೆ. ಕಡ್ಡಿ ಹೆರೆಯುತ್ತಲೇ ಗಂಡನ ಏಟು, ಮೊದಲ ಸಲ ಕುಡಿದದ್ದು, ಎಲ್ಲ ಹೇಳಿದರು. ಉಳಿದವರು ಕಡ್ಡಿ ಜೋಡಿಸಿ ಕೊಡುತ್ತಾ ತಮ್ಮ ಕಥೆಗೂ ಬಂದರು. ಸದ್ಯ, ಯಾರ ಬೆರಳಿಗೂ ಗಾಯವಾಗಲಿಲ್ಲ.

ನಾನೇ ಬರೆದ ‘ಚಾಕು ತರಬಾರದು’ ಬೋರ್ಡು ಈಗಲೂ ಗೋಡೆ ಮೇಲಿದೆ. ಅದರ ಜೇಡರ ಬಲೆ ತೆಗೆಯೋದು ಗೌರಮ್ಮನ ಪೊರಕೆಯಲ್ಲೇ.